ಪೈಲ್ವಾನ

ಏಳು ವರ್ಷ ಪೈಲ್ವಾನ ಅಂತಲೇ ಕರೆದೆವು.
ಕುತ್ತಿಗೆ ಹಾಗಿತ್ತು, ಗತ್ತು ಹಾಗಿತ್ತು,
ಸೌತೆಕಾಯಿ ಕಂಡರೆ ಹಾಕುವ ಪಟ್ಟು.

ನಾಲ್ಕು ದಿನದಿಂದ ಅದನ್ನೂ ಮುಟ್ಟಲಿಲ್ಲ.
ರಾತ್ರಿಯಿಡೀ ನೀಲಿ ಟಬ್ಬಿನ ಗೋಡೆ ಕೆರೆತ.
ಗೋಡೆಯಾಚೆಯಿಂದ ಮೆಹಬೂಬಿ:
"ಈ ಹೊತ್ತಲ್ಲಿ ಯಾರೇ ಪಾತ್ರೆ ತಿಕ್ಕೋದು?"
ತಡೆಯದೆ ಎತ್ತಿ ನೆಲಕ್ಕೆ ಬಿಟ್ಟೆ.

ಬೆಳಿಗ್ಗೆ ಭಟ್ಟಿಗೆ ಹೊರಟ ಮಾವ
ಚಪ್ಪಲಿಗೆ ಕಾಲು ತೂರಿಸಿ ನಿಂತೇಬಿಟ್ಟರು.
ಒಂದು ಮೊಟ್ಟೆ. ಉದ್ದಕ್ಕೆ, ಬೆಳ್ಳಗೆ,
ಬೆರಳಿನ ಎರಡು ಗೆಣ್ಣಿನಷ್ಟು.
ಪುಣ್ಯಕ್ಕೆ ಒಡೆದಿರಲಿಲ್ಲ.
"ಪೈಲ್ವಾನ!" ಅಂದರು, ಬೈಯುವವರ ಹಾಗೆ.
ಆಮೇಲೆ ಸಣ್ಣಗೆ, "ಪೈಲ್ವಾನಿ."

ಪಶು ಆಸ್ಪತ್ರೆಯ ಡಾಕ್ಟರು ಎಮ್ಮೆಯ ಬಾಲ ಬಿಟ್ಟು ಬಂದರು.
"ಗಂಡಿಲ್ಲದಿದ್ದರೂ ಇಡುತ್ತೆ ಕಣಮ್ಮ. ಮರಿಯಾಗಲ್ಲ.
ಒಳಗೆ ಇನ್ನೂ ಇವೆ. ಅಗೆಯೋಕೆ ಜಾಗ ಕೊಡು,
ತಡೆದಿಟ್ಟುಕೊಂಡರೆ ಜೀವಕ್ಕೇ ಕುತ್ತು."

ದಾವಣಗೆರೆಯಲ್ಲಿ, ಅದೂ ಮಂಡಕ್ಕಿ ಭಟ್ಟಿಯವರ ಮನೆಯಲ್ಲಿ,
ಮರಳಿಗೇನು ಬರ?
ಹುರಿದು ಹುರಿದು ಕರ್ರಗಾದದ್ದನ್ನು
ಮಾವ ಒಂದು ಬುಟ್ಟಿ ಹೊತ್ತು ತಂದರು.
ಆರಲು ಬಿಟ್ಟೆ. ನೀರು ಚಿಮುಕಿಸಿದೆ.
ಕೂಸಿನ ನೀರಿಗೆ ಮೊಣಕೈ ಅದ್ದುವಂತೆ ಅದ್ದಿ ನೋಡಿದೆ.

ಹಿಂಗಾಲಲ್ಲಿ ಅಗೆದಳು, ಕಣ್ಣು ಇನ್ನೆಲ್ಲೋ.
ಎರಡು. ಮೂರು. ತುಂಬ ಹೊತ್ತು ಏನೂ ಇಲ್ಲ.
ನಾಲ್ಕು.
ಮರಳೆಳೆದು, ತಟ್ಟಿ,
ತಿರುಗಿಯೂ ನೋಡದೆ ಸೌತೆಕಾಯಿಗೆ ನಡೆದಳು.

ಸಂಜೆ ಜರಡಿ ಹಿಡಿದೆ.
ಮೊಟ್ಟೆಗಳ ಜೊತೆ ಏಳೆಂಟು ಅಕ್ಕಿಕಾಳು ಉಳಿದವು,
ಅಷ್ಟು ಬೆಂಕಿಗೂ ಅರಳದವು.
"ಇದ್ದೇ ಇರ್ತಾವೆ ಬಿಡು," ಅಂದರು ಮಾವ.
ಯಾವುದರ ಮಾತು ಅಂತ ನಾನು ಕೇಳಲಿಲ್ಲ.

ಮತ್ತೆ ಮರಳಲ್ಲೇ ಮುಚ್ಚಿಟ್ಟೆ, ಎರಡನ್ನೂ.
ಶುಕ್ರವಾರದ ತನಕ ಇರಲಿ.