ಫೀಸು ಬೆಳೆ ಬಂದ ಮೇಲೆ

ಶಿಡ್ಲಘಟ್ಟದಲ್ಲಿ, ಅಮೀರ್‌ಜಾನರ ನೂಲು ಬಿಚ್ಚಾಣಿಕೆಯ ಮೇಲೆ
ಹತ್ತಡಿ ರೂಮು, ನನ್ನ ಆಫೀಸು.
ಗೂಡು ಬೇಯುವ ವಾಸನೆ
ಮೆಟ್ಟಿಲು ಹತ್ತಿ ಬರುತ್ತಿತ್ತು; ಗಿರಾಕಿ ಬರುತ್ತಿರಲಿಲ್ಲ.
ಆರ್ಕಿಟೆಕ್ಟ್ ಅನ್ನುವ ಬೋರ್ಡು ಓದಿ ಬಂದ ಮೊದಲನೆಯವನು ಕೇಳಿದ:
‘ಸ್ಕೂಟರಿಗೆ ನಂಬರು ಬರೀತೀರಾ?’

ಯರ್ರಪ್ಪ ಮೇಸ್ತ್ರಿಯ ಪ್ಲಾನು ಪುಕ್ಕಟೆ.
ನೆಲದ ಮೇಲೆ ಕೋಲಿನಲ್ಲಿ ಗೀರಿದರೆ ಮುಗಿಯಿತು:
ಆಗ್ನೇಯಕ್ಕೆ ಒಲೆ, ಉಳಿದದ್ದು ದೇವರು ನೋಡಿಕೊಳ್ಳುತ್ತಾನೆ.
ಪುಕ್ಕಟೆಯ ಎದುರು
ಯಾವ ಬೆಲೆ ಹೇಳಲಿ?
ಪೆನ್ಸಿಲು ಕೆತ್ತಿದೆ, ಮುರಿಯಿತು, ಮತ್ತೆ ಕೆತ್ತಿದೆ.

ಬೇಸಗೆಯಲ್ಲೊಂದು ದಿನ ಮೇಲೂರಿನ ಪಿಳ್ಳಕ್ಕ
ತನ್ನ ಹುಳುಮನೆಗೆ ಕರೆದೊಯ್ದಳು. ಶೀಟಿನ ಸೂರು.
ನಾಲ್ಕನೇ ಜ್ವರದಿಂದ ಎದ್ದ ಹುಳಗಳು
ಹಾಲುತೊಂಡೆ ತಗುಲಿ ಸೊಪ್ಪಿನ ಮೇಲೆ ಸೋರುತ್ತಿದ್ದವು.
ಗೋಡೆಗೆ ಅಂಗೈ ಇಟ್ಟೆ. ಸುಟ್ಟಿತು.
ಐದು ವರ್ಷದ ಓದಿನಲ್ಲಿ
ಯಾವ ಗೋಡೆಯೂ ಇಷ್ಟು ನೇರ ಮಾತಾಡಿರಲಿಲ್ಲ.

ಹುಳಕ್ಕೆ ಎಲಿವೇಷನ್ ಬೇಡ, ವಾಸ್ತು ಬೇಡ,
ಇಪ್ಪತ್ತೈದು ಡಿಗ್ರಿ ಬೇಕು.
ಗೆರೆ ಯಾರಿಗೂ ಬೇಡವಾದರೆ
ನೆರಳನ್ನಾದರೂ ಮಾರೋಣ ಅನ್ನಿಸಿತು.
‘ಪ್ಲಾನಿಗೆಷ್ಟು?’ ಅಂದಳು.
‘ಈಗ ಏನೂ ಬೇಡ. ಬೆಳೆ ಬಂದರೆ
ನೂರು ಕೆಜಿ ಗೂಡಿಗೆ ಐದು ಕೆಜಿಯ ರೇಟು. ಮೂರು ಬೆಳೆ.’
ಪಿಳ್ಳಕ್ಕ ನನ್ನ ಮುಖ ನೋಡಿದಳು,
ಕಿವಿಯ ಹತ್ತಿರ ಗೂಡು ಅಲ್ಲಾಡಿಸುವ ರೀಲರಿನ ಹಾಗೆ.

ಕಲ್ಲು ಚಪ್ಪಡಿ, ಅದರ ಮೇಲೊಂದು ಗರಿಯ ಸೂರು,
ನಡುವೆ ಮೊಳದಷ್ಟು ಗಾಳಿ. ಪಡುವಣಕ್ಕೆ ಹೊಂಗೆ.
ಯರ್ರಪ್ಪನೇ ಕಟ್ಟಿದ, ನಗುತ್ತಲೇ.

ಮೊದಲ ಬೆಳೆ ಕೈಕೊಟ್ಟಿತು.
ಗಾಳಿಗಿಂಡಿಗೆ ಬಲೆ ಮರೆತಿದ್ದೆ; ಊಜಿ ನೊಣ ಮರೆಯಲಿಲ್ಲ.
ಫೀಸು ಸೊನ್ನೆ, ಬಲೆಯ ಖರ್ಚೂ ನನ್ನದೇ.
ಆ ತಿಂಗಳ ಬಾಡಿಗೆ ಅಮೀರ್‌ಜಾನ್ ಕೇಳಲಿಲ್ಲ;
ಕೇಳದಿದ್ದದ್ದು ಮೆಟ್ಟಿಲಲ್ಲಿ ಎದುರಾದಾಗಲೆಲ್ಲ ಕೇಳಿಸುತ್ತಿತ್ತು.

ಎರಡನೆಯದು ಎಂಬತ್ತೊಂದು ಕೆಜಿ.
ಗೂಡಿನ ಮಾರುಕಟ್ಟೆಯಲ್ಲಿ, ಲಾಟಿನ ಮುಂದೆ ನಿಂತು,
ಮೊಳದಷ್ಟು ಗಾಳಿಗೆ
ಯಾರೋ ಫೋನಿನಲ್ಲಿ ಬೆಲೆ ಒತ್ತಿದ್ದು ನೋಡಿದೆ.
ಪಿಳ್ಳಕ್ಕ ಎಂಜಲು ಹಚ್ಚಿ ಎಣಿಸಿದಳು, ಎರಡು ಸಲ.
ಮೇಲೊಂದು ಜೋಡಿ ಗೂಡು ಇಟ್ಟಳು:
‘ಇದಕ್ಕೆ ರೇಟಿಲ್ಲ, ಮಡಿಕ್ಕೋ.
ಎರಡು ಹುಳ ಸೇರಿ ಕಟ್ಟಿದ್ದು. ಯಾರ ಪ್ಲಾನು ಕೇಳಿದವೋ.’
ಉತ್ತರ ಹೊಳೆಯಲಿಲ್ಲ. ಮೇಜಿನ ಮೇಲಿದೆ ಅದು,
ಗಾಳಿಗೆ ಹಾಳೆ ಹಾರದ ಹಾಗೆ ಒತ್ತುವಷ್ಟೂ ಭಾರವಿಲ್ಲ.

ಹಳೇ ಬೋರ್ಡು ಇಳಿಸಿ
ಬಸ್‌ಸ್ಟ್ಯಾಂಡಿನಲ್ಲಿ ನಂಬರು ಬರೆಯುವ ಗಂಗೋಜಿಗೆ ಕೊಟ್ಟೆ:
‘ಹುಳುಮನೆ ತಂಪಾಗಿ ಕಟ್ಟಿಸಿಕೊಡಲಾಗುವುದು.
ಹಣ ಬೆಳೆ ಬಂದ ಮೇಲೆ.’
ಗಂಗೋಜಿ ಓದಿದ, ಕುಂಚ ಕೆಳಗಿಟ್ಟ.
‘ಬರೆಯೋದೇನೋ ಬರೀತೀನಮ್ಮ.
ನನ್ನ ದುಡ್ಡು ಮಾತ್ರ ಈಗಲೇ.’