ತಡವಾಗಿ ಬಿದ್ದ ಕಾಯಿ

ಎರಡು ಚಂದ್ರ, ಎನ್ನುತ್ತಾಳೆ ಓಯ್ದಿನ್.
ಒಂದು ತನ್ನ ಜಾಗದಲ್ಲಿ, ಇನ್ನೊಂದು
ಅದರ ಕೆಳಗೆ ಜಾರಿ, ಬಾಣಲೆಗೆ ಒಡೆದು ಹಾಕಿದ ಮೊಟ್ಟೆಯ ಹಾಗೆ.
ಎಡಗಣ್ಣು ಮುಚ್ಚಿದರೂ ಎರಡೇ.
ತನ್ನ ಹೆಸರಿಗೇ ಬೆಳದಿಂಗಳೆಂದು ಅರ್ಥ ಎಂದು
ನಗುತ್ತಾಳೆ: ಒಂದು ಸಾಕಿತ್ತು ಡಾಕ್ಟರೇ.

ಅರ್ಸ್ಲಾನ್‌ಬಾಬ್‌ನ ಅಕ್ರೋಟು ಕಾಡಿನಿಂದ
ಜಲಾಲ್-ಅಬಾದಿಗೆ ಎರಡು ಬಸ್ಸು ಬದಲಿಸಿ ಬಂದವಳು.
ಹನ್ನೊಂದು ವರ್ಷದ ಹಿಂದೆ ಆ ಕಣ್ಣಿನ ಪೊರೆ ತೆಗೆದು
ಮಸೂರ ಕೂರಿಸಿದ್ದು ಇದೇ ಕೈ.
ಅಂದು ಕೊಟ್ಟ ಚೀಟಿಯನ್ನು ಹಿಟ್ಟಿನ ಡಬ್ಬಿಯಿಂದ ತಂದಿದ್ದಾಳೆ,
ಕೊಡವಿ ಮೇಜಿನ ಮೇಲಿಡುತ್ತಾಳೆ:
ಗ್ಯಾರಂಟಿ ಮುಗಿದಿದೆಯೋ ನೋಡಿ.

ಪೆಟ್ಟೇನಾದರೂ?
ಇಲ್ಲ.
ಹಳೆಯದಾದರೂ ಸರಿ.
ಇಲ್ಲವಲ್ಲ. ಹಾಂ, ಒಂದು ಕಾಯಿ.
ಸೆಪ್ಟೆಂಬರಿನಲ್ಲಿ. ಮೊಮ್ಮಗ ಮೇಲೆ ಕೊಂಬೆ ಅಲ್ಲಾಡಿಸುತ್ತಿದ್ದ,
ಹುಷಾರು ಮಗಾ ಅನ್ನಲು ತಲೆ ಎತ್ತಿದೆ.
ಬೆಂದ ಚಹಾಸೊಪ್ಪು ಬಟ್ಟೆಯಲ್ಲಿ ಕಟ್ಟಿಕೊಂಡೆ, ಮೂರು ದಿನಕ್ಕೆ ಇಳಿಯಿತು.
ಆಮೇಲೆ ಅದೇ ಕಣ್ಣಲ್ಲಿ ಹದಿನಾಲ್ಕು ಚೀಲ ಆರಿಸಿದೆ.
ಸಿಪ್ಪೆಯ ಕಪ್ಪು ಬೆರಳು ಬಿಡಲು ಹೊಸ ವರ್ಷ ಬಂತು;
ಕಣ್ಣೇ ಬೇಗ ವಾಸಿ ಅಂದುಕೊಂಡಿದ್ದೆ.

ಸೀಳುದೀಪದ ಬೆಳಕಿನಲ್ಲಿ ಕಾಣುತ್ತದೆ
ಪಾಪೆಯ ನಡುವೆ ಅಡ್ಡಬಿದ್ದ ಅಂಚು, ತದಿಗೆಯ ಚಂದ್ರನಷ್ಟು.
ನೂಲಿಗಿಂತ ಸಣ್ಣ ಎಳೆಗಳು, ಮೇಲಿನವು ಹರಿದು,
ಉಳಿದವು ಏಳು ತಿಂಗಳು ಹೇಗೋ ಹಿಡಿದುಕೊಂಡಿವೆ.
ರೆಪ್ಪೆ ಬಡಿದಾಗಲೆಲ್ಲ ಮಸೂರ ನಡುಗುತ್ತದೆ,
ಬೀಳಲೋ ಬೇಡವೋ ಎನ್ನುವ ಹಾಲುಹಲ್ಲಿನಂತೆ.
ಅಂದಿನ ಕಡತದಲ್ಲಿ 'ಯಶಸ್ವಿ' ಎಂದಿದೆ. ನನ್ನದೇ ಅಕ್ಷರ.
ಹಿಂದಿನ ಪರದೆ ಹರಿದಿದೆಯೋ ನೋಡಬೇಕು.
ಹರಿದಿಲ್ಲ. ಸದ್ಯಕ್ಕೆ.

ಗುರುವಾರ ಇದನ್ನು ತೆಗೆದು ಇನ್ನೊಂದನ್ನು
ಕಣ್ಣಿನ ಬಿಳಿಗೇ ಹೊಲಿಯುತ್ತೇನೆ ಎಂದೆ.
ಅವಳು ಕೇಳಿದ್ದು ಬೇರೆ: ಬಾಗಿಲು ಮುಚ್ಚಿದೆಯಾ?
ಆಚೆ ಬೆಂಚಿನಲ್ಲಿ ಸರ್ದೋರ್, ಹನ್ನೆರಡು ವರ್ಷ,
ಅಂಗೈಯಲ್ಲಿ ಎರಡು ಕಾಯಿ ಒಂದಕ್ಕೊಂದು ಒತ್ತಿ
ನನಗೆಂದು ಒಡೆಯುತ್ತಿದ್ದಾನೆ.
ಅವನಿಗೆ ತಿಳಿಯಬಾರದು.

ಕಾರಣ ಎಂಬ ಕಾಲಮ್ಮಿನಲ್ಲಿ
ಗಾಳಿ ಎಂದು ಬರೆದೆ.
ಒಡೆಯದೆ ಉಳಿದ ಒಂದು ಕಾಯಿ ನನ್ನ ಮೇಜಿನ ಡ್ರಾಯರಿನಲ್ಲಿದೆ;
ಎಳೆದಾಗಲೆಲ್ಲ ಉರುಳಿ ಬಂದು
ಮುಂದಿನ ಹಲಗೆಗೆ ತಾಗುತ್ತದೆ.