ಷರಾ

ಮೈಸೂರಿನಿಂದ ಬಂದ ಸುತ್ತೋಲೆ ಒಂದೇ ಪುಟದ್ದು.
ಪೂಜೆ ಮುಗಿದ ಮೇಲೆ ಓದಿ, ಫಾದರ್ ಕನ್ನಡಕ ಒರೆಸಿಕೊಂಡರು.
ಮುಂದಿನ ಬೆಂಚಿನ ಇನ್ನಾಸಪ್ಪ ಕೇಳಿದ್ದು ಇಷ್ಟೇ:
'ಗಂಟೆ ಯಾವುದು ಹೊಡೆಯೋದು, ಸ್ವಾಮಿ? ನಮ್ಮದಾ, ಅವರದಾ?'

ನಾಲೆಯ ಈಚೆ ಮೇಗಲಪಾಳ್ಯ, ಆಚೆ ಕೆಳಗಲಪಾಳ್ಯ.
ನಡುವೆ ಒಂದು ತೂಬು, ಎರಡು ಕಬ್ಬಿನ ಗದ್ದೆ,
ಅಜ್ಜಂದಿರ ಕಾಲದ ಒಂದು ಮುನಿಸು.
ಯಾವ ಹಬ್ಬದಲ್ಲಿ ಯಾರ ಶಿಲುಬೆ ಮುಂದೆ ಹೋಯಿತೋ
ಈಗ ಯಾರಿಗೂ ಗೊತ್ತಿಲ್ಲ. ಮುನಿಸು ಗೊತ್ತು.

ಅಲ್ಲಿ ಮೂವತ್ತೊಂಬತ್ತು ಮನೆ, ಇಲ್ಲಿ ಅರವತ್ತೆರಡು.
ಇರುವ ಗುರು ಒಬ್ಬರೇ. ಅವರ ಬೈಕಿಗೂ ವಯಸ್ಸಾಯಿತು.

ನನ್ನ ಪಾಲಿಗೆ ಬಂದದ್ದು ರಿಜಿಸ್ಟರು.
'ಮೇಡಮ್ಮೋರೆ, ನಿಮ್ಮ ಅಕ್ಷರ ದುಂಡಗಿದೆ,
ಎರಡನ್ನೂ ಸೇರಿಸಿ ಒಂದು ಪುಸ್ತಕ ಮಾಡಿಕೊಡಿ.'
ದುಂಡಗಿನ ಅಕ್ಷರಕ್ಕೆ ಇಂಥ ಶಿಕ್ಷೆ ಇದೆಯೆಂದು
ಮೂವತ್ತು ವರ್ಷ ಮಕ್ಕಳಿಗೆ ಕಾಪಿ ಬರೆಸಿದಾಗ ತಿಳಿದಿರಲಿಲ್ಲ.

ಊಟದ ಮೇಜಿನ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟೆ.
ಇದರಲ್ಲಿ ಗೆದ್ದಲ ತೂತು, ಅದರಲ್ಲಿ ಮೇಣದ ಕಲೆ.
ದೀಕ್ಷಾಸ್ನಾನ: ಚೌರಪ್ಪ, ಅರುಳಪ್ಪ, ಲೂರ್ದಮ್ಮ,
ಮತ್ತೆ ಚೌರಪ್ಪ, ಮತ್ತೂ ಒಬ್ಬ ಚೌರಪ್ಪ.
ಮರಣ: ಕಾಲರಾ, ಕಾಲರಾ, ಎಂಟು ದಿನದ ಕೂಸು, ಹೆಸರಿಲ್ಲ.
ಎರಡೂ ಪುಸ್ತಕದಲ್ಲಿ ಅದೇ ವಾರ, ಅದೇ ನಡುಗುವ ಕೈ.
ಸಾವು ನಾಲೆ ದಾಟಲು
ಯಾವ ಸುತ್ತೋಲೆಗೂ ಕಾಯಲಿಲ್ಲ.

ವಿವಾಹದ ಪುಟದಲ್ಲಿ ನಾನೇ ಸಿಕ್ಕಿದೆ.
ಎಪ್ಪತ್ತೆಂಟರ ಮೇ, ಮೇಗಲಪಾಳ್ಯ, ಹದಿನಾಲ್ಕನೆಯ ಸಾಲು.
ಹೆಸರು ಸರಿಯಿದೆ, ಅಪ್ಪನ ಹೆಸರು ಸರಿಯಿದೆ.
ಕೊನೆಯ ಕಾಲಮ್ಮಿನಲ್ಲಿ, ಷರಾ ಎಂಬಲ್ಲಿ,
ಕೆಂಪು ಶಾಯಿಯಲ್ಲಿ ಒಂದು ಪದ:
ಹೊರಗಿನವಳು.

ಹಳೆಯ ಸ್ವಾಮಿಗಳನ್ನು ಬೈಯಲಾರೆ. ನಿಯಮ ಹಾಗಿತ್ತು,
ಕಾಲಮ್ಮೂ ಇಕ್ಕಟ್ಟು.
ಆದರೆ ನಲವತ್ತೇಳು ವರ್ಷ ಈ ಗುಡಿಯ ಪೀಠದ ಬಟ್ಟೆ
ನೀಲಿ ಹಾಕಿ, ಗಂಜಿ ಹಾಕಿ, ಒಣಗಿಸಿ, ಮಡಿಸಿಟ್ಟ ಕೈ
ಪುಟದ ಮೇಲೆ ಸ್ವಲ್ಪ ಹೊತ್ತು
ಹಾಗೇ ಇತ್ತು.

ಆ ಭಾನುವಾರ ಒಟ್ಟಿಗೆ ಮೊದಲ ಪೂಜೆ. ಡೈರಿಗೆ ಹಾಲು ಹಾಕಿ
ಬರುವವರಿಗಾಗಿ ಏಳೂವರೆಗೆ.
ಅವರು ಎಡಕ್ಕೆ ಕೂತರು, ಇವರು ಬಲಕ್ಕೆ,
ನಡುವಿನ ದಾರಿಯಲ್ಲಿ ನಾಲೆ ಹರಿಯುತ್ತಿದ್ದಂತೆ.
ಅವರ ಹಾರ್ಮೋನಿಯಂ ಅರ್ಧ ಮನೆ ಮೇಲೆ,
ಇವರ ತಬಲಾ ಅರ್ಧ ಮಾತ್ರೆ ಹಿಂದೆ.

ಪ್ರಭುವಿನ ಪ್ರಾರ್ಥನೆ ಶುರುವಾಯಿತು. ಬಲದವರು
'ನಿಮ್ಮ ನಾಮವು' ಎಂದರು. ಎಡದವರು 'ನಿನ್ನ'.
ಕೆಳಗಲಪಾಳ್ಯದ ಉಪದೇಶಿ ಮದಲೆಮುತ್ತಪ್ಪ
ದೇವರಿಗೆ ಏಕವಚನವನ್ನೇ ಕಲಿಸಿ ಹೋಗಿದ್ದ:
'ಅಪ್ಪನಿಗೆ ಯಾರಾದರೂ ನೀವು ತಾವು ಅಂತಾರೇನ್ರೋ?'
ನನ್ನ ಹಾಲುಹಲ್ಲಿಗೆ ನಿನ್ನ. ತಾಳಿ ಕಟ್ಟಿದ ಮೇಲೆ ನಿಮ್ಮ.
'ನಿ' ಎಂದು ಬಾಯಿ ತೆರೆದವಳು
ಅಲ್ಲೇ ನಿಂತೆ.
ಅನುದಿನದ ಆಹಾರ ಬಂತು, ಹೋಯಿತು.
ಫಾದರ್ ಯಾರನ್ನೂ ತಿದ್ದಲಿಲ್ಲ.
ದೇವರಿಗೆ ವ್ಯಾಕರಣ ಎಷ್ಟು ಬರುತ್ತದೋ.

ಸಮಾಧಾನ ಹಂಚಿಕೊಳ್ಳಿ ಎಂದಾಗ ಇನ್ನಾಸಪ್ಪ
ಎಡಕ್ಕೆ ತಿರುಗಿ ಕೈ ಮುಗಿದ. ನಗಲಿಲ್ಲ.
ಅವನಿಂದ ಅಷ್ಟು ಬಂದದ್ದೇ ಹೆಚ್ಚು.

ಮಧ್ಯಾಹ್ನ ಗೂಡ್ಸ್ ಆಟೋದಲ್ಲಿ ಸಂತ ಸೆಬಾಸ್ತಿಯಾನರು ಬಂದರು,
ಕಂಬಳಿ ಸುತ್ತಿಕೊಂಡು, ಜ್ವರ ಬಂದವರ ಹಾಗೆ.
ಆಚೆಯ ಹೆಂಗಸರು ಹಿಂದೆ ನಡೆದು ಬಂದರು, ಹಾಡಿಲ್ಲದೆ.
ತೂಬಿನ ಹಳ್ಳದಲ್ಲಿ ಗಾಡಿ ಕುಲುಕಿ
ಎದೆಯ ಬಾಣವೊಂದು ಮುರಿದಿತ್ತು.
ಅಳುವ ಸೌರಮ್ಮನ ಕೈಯಿಂದ ಚೂರು ಇಸಕೊಂಡು
ಇನ್ನಾಸಪ್ಪ ಅಂಗಡಿಯತ್ತ ಹೊರಟ:
'ಅಂಟು ತರ್ತೀನಿ. ನಮ್ಮ ಸಂತರನ್ನ ಹಿಂಗೆ ನಿಲ್ಲಿಸೋಕಾಗುತ್ತಾ?'

ಯಾವ ಗಂಟೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ.
ಹೊಸ ಹೆಸರಿಗೂ ಮೂರು ಸಭೆ ಕಳೆದವು.
ಹೊಸ ಪುಸ್ತಕದ ಮೇಲೆ ಧರ್ಮಕೇಂದ್ರ ಎಂದು ಬರೆದು
ಮುಂದೆ ಪೆನ್ಸಿಲಿನಲ್ಲಿ ಚುಕ್ಕಿಗಳನ್ನು ಇಟ್ಟಿದ್ದೇನೆ.

ರಾತ್ರಿ ಹದಿನಾಲ್ಕನೆಯ ಸಾಲಿಗೆ ಬಂದೆ.
ಬಿಡಬಹುದಿತ್ತು. ಗೆದ್ದಲು ತಿಂದಿತ್ತು ಎನ್ನಬಹುದಿತ್ತು.
ನಕಲು ಎಂದರೆ ನಕಲು, ಮಕ್ಕಳಿಗೆ ಹೇಳಿಕೊಟ್ಟವಳೇ ನಾನು.
ಇದ್ದ ಪದವನ್ನು ಇದ್ದ ಹಾಗೇ, ದುಂಡಗೆ, ಇಳಿಸಿದೆ.

ಮನೆಯಲ್ಲಿ ಕೆಂಪು ಶಾಯಿ ಇರಲಿಲ್ಲ.
ತರಿಸಲೂ ಇಲ್ಲ.